ಸರ್ವರ್ ಡೌನ್ ಎನ್ನುತ್ತಿದ್ದ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಜೆರಾಕ್ಸ್ ಮೆಷಿನ್ನಿಗೆ ಮಸಿಪುಡಿಯನ್ನು ಅವರೇ ತುಂಬುತ್ತಿದ್ದರು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಕಾಲೇಜಿನ ಯಾವ ಅರ್ಜಿಯನ್ನು ಕಳಿಸುವ ಮುನ್ನವೂ ಆ ಬೆರಳನ್ನು ಮೌಸಿನಿಂದ ಒಂದು ಗೇಣು ಮೇಲಕ್ಕೆತ್ತಿ ಹಿಡಿದು, ಪಕ್ಕದಲ್ಲಿ ಕೂತ ಹುಡುಗನನ್ನೋ ಹುಡುಗಿಯನ್ನೋ ನೋಡಿ, "ಒತ್ಲಾ?" ಎಂದು ಕೇಳುತ್ತಿದ್ದರು. ಅಪ್ಪನನ್ನಲ್ಲ, ಜೊತೆಗೆ ಬಂದ ಸೋದರಮಾವನನ್ನಲ್ಲ. ಓದಲು ಹೋಗುವವರನ್ನೇ. ಅವರು ಬಾಯಿಬಿಟ್ಟು "ಒತ್ತಿ" ಎನ್ನುವವರೆಗೆ ಬೆರಳು ಕೆಳಗಿಳಿಯುತ್ತಿರಲಿಲ್ಲ.

ನನ್ನ ಒಡಹುಟ್ಟಿದವರಲ್ಲ, ಸುತ್ತಲಿನವರಿಗೆಲ್ಲ ಅವರು ಅಕ್ಕ. ಭೇರ್ಯದ ಸರ್ಕಲ್ಲಿನಲ್ಲಿ ಅವರ ಸೈಬರ್ ಅಂಗಡಿ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್, ಪಾಸ್‌ಪೋರ್ಟ್ ಫೋಟೋ ತೆಗೆಯಲು ಗೋಡೆಗೆ ಹೊಡೆದ ನೀಲಿ ಬಟ್ಟೆ. ಪಹಣಿ, ರೇಷನ್ ಕಾರ್ಡು, ಆಧಾರ್ ತಿದ್ದುಪಡಿ ಎಂದು ವರ್ಷವೆಲ್ಲ ಜನ ಬರುತ್ತಿದ್ದರು. ಆದರೆ ಸಿಇಟಿ ರ‍್ಯಾಂಕು ಬಂದ ಮೇಲಿನ ಒಂದೆರಡು ತಿಂಗಳು ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ ಕಳಿಸಬೇಕು. ಮೇಲಿನದು ಸಿಗದಿದ್ದರೆ ಅದರ ಕೆಳಗಿನದು. ಆಪ್ಷನ್ ಎಂಟ್ರಿ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳ ಮುಂದಿನ ಬದುಕು ಆ ಎರಡು ಕಂಪ್ಯೂಟರುಗಳ ಮುಂದೆ ತೀರ್ಮಾನವಾಗುತ್ತಿತ್ತು.

ಅಕ್ಕ ಒಂದು ಸುಳ್ಳು ಹೇಳುತ್ತಿದ್ದರು. ಪಟ್ಟಿ ತುಂಬಲು ಶುರುಮಾಡುವಾಗ ದೊಡ್ಡವರ ಕಡೆ ತಿರುಗಿ, "ಸರ್ವರ್ ಡೌನ್ ಕಣಣ್ಣ. ಓಗಿ ಒಂದ್ ಟೀ ಕುಡ್ಕಬನ್ನಿ" ಎನ್ನುವುದು. ಸರ್ವರ್ ಚೆನ್ನಾಗಿಯೇ ಇರುತ್ತಿತ್ತು. ಅಪ್ಪಂದಿರು ಎದುರಿನ ಹೋಟೆಲಿಗೆ ಹೋದ ಕೂಡಲೇ ಅಕ್ಕ ಮಕ್ಕಳನ್ನು ಪ್ರಶ್ನೆ ಕೇಳಲು ಕೂರುತ್ತಿದ್ದರು. ರ‍್ಯಾಂಕು, ಮಾರ್ಕ್ಸು ಯಾವುದೂ ಅಲ್ಲ. ಬಸ್ಸಿನಲ್ಲಿ ಎಲ್ಲಿ ಕೂರುತ್ತೀಯ? ಯಾರಾದರೂ ಬೈದರೆ ತಿರುಗಿಸಿ ಬೈಯುತ್ತೀಯೋ, ಒಳಗಿಟ್ಟುಕೊಳ್ಳುತ್ತೀಯೋ? ಒಂಟಿಯಾಗಿ ಊಟ ಮಾಡಲು ಆಗುತ್ತದೋ, ಜೊತೆಗೆ ಯಾರಾದರೂ ಬೇಕೋ?

ಆಮೇಲೆ ಫೋನು. ಹಿಂದಿನ ವರ್ಷಗಳಲ್ಲಿ ತಾವೇ ಅರ್ಜಿ ಹಾಕಿ ಕಳಿಸಿದ ಮಕ್ಕಳೆಲ್ಲರ ನಂಬರು ಅವರ ಬಳಿ ಇತ್ತು. ಒಮ್ಮೆ ಬೀಚನಹಳ್ಳಿಯ ಹುಡುಗನೊಬ್ಬನಿಗೆ ಫೋನು ಮಾಡಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅವನು ಕೊಡಗಿನ ಕಡೆಯ ಒಂದು ಚಿಕ್ಕ ಕಾಲೇಜಿನಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದ.

"ಲೇ ಮಗ, ಊಟ ಎಂಗದೆ ಅಲ್ಲಿ?"

"ಸಾದಾರ್ಣ ಅಕ್ಕ."

"ಸೀನಿಯರ್‌ಗಳು ಗೋಳುಯ್ಕತಾರಾ?"

"ಇಲ್ಲ ಅಕ್ಕ, ಅವ್ರ ಪಾಡ್ಗೆ ಅವ್ರವ್ರೆ. ಬೆಳಿಗ್ಗೆ ಎದ್ದೇಟ್ಗೆ ನರ್ಸರಿಗೆ ಓಡುಸ್ತಾರೆ. ಜಿಗಣೆ ಕಾಟ ಒಂದು."

"ಜಿಗಣೆ ಕಚ್ಚುದ್ರೆ ಕಚ್ಲಿ ಬುಡು. ಮನ್ಸ ಕಚ್ಚಲ್ವಲ್ಲ."

ಆ ಫೋನು ನನ್ನ ತಮ್ಮನಿಗಾಗಿ ಮಾಡಿದ್ದು.

ನಮ್ಮದು ಮಿರ್ಲೆ. ಅಪ್ಪ ಗದ್ದೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಓದಿನ ವಿಚಾರವೆಲ್ಲ ದೊಡ್ಡಪ್ಪನದು. ತಮ್ಮ ಹತ್ತನೇ ಕ್ಲಾಸು ಮುಗಿಸಿದಾಗ ಅವನನ್ನು ದೂರದ ರೆಸಿಡೆನ್ಷಿಯಲ್ ಪಿಯು ಕಾಲೇಜಿಗೆ ಸೇರಿಸಿದ್ದು ದೊಡ್ಡಪ್ಪನೇ. ಅಲ್ಲಿನ ಊಟದ ಕೋಣೆಯ ಗೋಡೆಯ ಮೇಲೆ 'ಎರಡನೆಯ ದಾರಿ ಸೋತವರದು' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹದಿನಾರು ವರ್ಷದ ಮಕ್ಕಳು ದಿನಕ್ಕೆ ಮೂರು ಹೊತ್ತು ಅದನ್ನು ನೋಡುತ್ತ ಅನ್ನ ತಿನ್ನಬೇಕು. ಅದನ್ನು ಬರೆಸಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಾದರೆ ಅವರ ಮನೆ ಬಾಗಿಲಿಗೆ ಹೋಗಿ ನಿಂತು ಒಂದು ಮಾತು ಕೇಳಬೇಕೆಂದಿದೆ.

ತಮ್ಮನದು ಮೊದಲಿನಿಂದಲೂ ಮಾತು ಕಡಿಮೆ. ಖಾಲಿ ಹಾಲಿನ ಕವರುಗಳಲ್ಲಿ ಮಣ್ಣು ತುಂಬಿ ಹೊಂಗೆ, ನೇರಳೆ, ಬೇವು ಏನೇನೋ ಸಸಿ ಮಾಡುತ್ತಿದ್ದ. ಹಿತ್ತಲಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ಆ ಎರಡು ವರ್ಷ ಮುಗಿಸಿ ಬಂದವನು ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಿದ್ದ. ಮನೆಗೆ ನಾಲ್ಕು ಜನ ನೆಂಟರು ಬಂದರೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಸಿಇಟಿಯಲ್ಲಿ ರ‍್ಯಾಂಕು ಸುಮಾರಾಗಿ ಬಂತು.

ಆಪ್ಷನ್ ಎಂಟ್ರಿಯ ದಿನ ನಾನು, ತಮ್ಮ, ದೊಡ್ಡಪ್ಪ ಮೂವರೂ ಹೋದೆವು. ಅಕ್ಕ ಎಂದಿನಂತೆ "ಸರ್ವರ್ ಡೌನ್ ಕಣಣ್ಣ" ಎಂದರು.

"ಡೌನ್ ಆಗಿದ್ರೆ ಏಳ್ಲಿ ಬುಡವ್ವ. ಏಳೋಗಂಟ ಇಲ್ಲೇ ಕುಂತಿರ್ತೀನಿ" ಎಂದು ದೊಡ್ಡಪ್ಪ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಹೀಗಾಗಿ ಅಕ್ಕ ಪ್ರಶ್ನೆಗಳನ್ನೆಲ್ಲ ಅವರ ಎದುರೇ ಕೇಳಬೇಕಾಯಿತು. ತಮ್ಮ ಅರ್ಧಕ್ಕೆ ಉತ್ತರ ಕೊಟ್ಟ. ಸಸಿಯ ಮಾತು ಬಂದಾಗ ಮಾತ್ರ ಅವನ ಮುಖ ಒಂದಿಷ್ಟು ಮೇಲೆದ್ದಿತು. ಆಗಲೇ ಅಕ್ಕ ಬೀಚನಹಳ್ಳಿಯ ಹುಡುಗನಿಗೆ ಫೋನು ಹಚ್ಚಿದ್ದು. ಮಾತು ಮುಗಿದ ಮೇಲೆ ದೊಡ್ಡಪ್ಪ ಜೇಬಿನಿಂದ ಚೀಟಿ ತೆಗೆದರು. ಅದರಲ್ಲಿ ಐದೇ ಐದು ಹೆಸರು, ಐದೂ ದೊಡ್ಡ ದೊಡ್ಡ ಎಂಜಿನಿಯರಿಂಗ್ ಕಾಲೇಜು, ಐದರಲ್ಲೂ ಕಂಪ್ಯೂಟರ್ ಸೈನ್ಸು.

"ಇದನ್ನೇ ಮೇಲಾಕ್ತೀನಿ ಅಣ್ಣ. ಕೆಳ್ಗೆ ಬೇರೇವೂ ಇರ್ಲಿ. ಈ ಕಾಡಿನ್ ಕೋರ್ಸು ಒಂದು, ಮೈಸೂರ್ ಕಡೆ ಸಣ್ಣವು ಎಲ್ಡು."

"ಬ್ಯಾಡ. ಕೆಳಗಿಂದು ಆಕುದ್ರೆ ಕಂಪ್ಯೂಟರು ಅದನ್ನೇ ಕೊಟ್ಬುಡ್ತದೆ."

"ಅಂಗಲ್ಲ ಕಣಣ್ಣ. ಅದು ಮೇಲಿಂದ ನೋಡ್ಕಂಡು ಬತ್ತದೆ. ಮೇಲಿಂದು ಸಿಕ್ಕುದ್ರೆ ಕೆಳಗಿಂದ ನೋಡದೇ ಇಲ್ಲ."

"ನಂಗೇಳ್ಕೊಡ್ಬ್ಯಾಡ ನೀನು. ಕಂಪ್ಯೂಟರ್ಗೆ ಆಸೆ ತೋರುಸ್ಬ್ಯಾಡ."

ಈ ನಂಬಿಕೆ ದೊಡ್ಡಪ್ಪ ಒಬ್ಬರದೇ ಅಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಇದೆ. ಕೆಳಗೆ ಬರೆದದ್ದು ಮೇಲಿನದನ್ನು ತಿಂದುಹಾಕುತ್ತದೆ ಎಂಬ ಶುದ್ಧ ತಪ್ಪು ಲೆಕ್ಕ. ಅಕ್ಕ ನನ್ನ ಕಡೆ ತಿರುಗಿದರು. "ನೀನಾರ ಏಳವ್ವ ನಿಮ್ ದೊಡ್ಡಪ್ಪಂಗೆ."

ಆಗ ನನ್ನ ಎಂ.ಎಸ್ಸಿ. ಮುಗಿದಿತ್ತು. ಆ ಪಟ್ಟಿ ಹೇಗೆ ಕೆಲಸ ಮಾಡುತ್ತದೆಂದು ಚೆನ್ನಾಗಿ ಗೊತ್ತಿತ್ತು. ನಾನು ಗೋಡೆಯ ಫ್ಯಾನನ್ನು ನೋಡುತ್ತ ಕೂತೆ.

ಅಕ್ಕ ಬೆರಳೆತ್ತಿ ತಮ್ಮನನ್ನು ಕೇಳಿದರು: "ಒತ್ಲಾ?" ಅವನು ದೊಡ್ಡಪ್ಪನ ಕೈಯಲ್ಲಿದ್ದ ಚೀಟಿ ನೋಡಿದ. ಮತ್ತೆ ಕೇಳಿದರು. "ಒತ್ತಮ್ಮ, ಅವನ್ನೇನ್ ಕೇಳ್ತೀಯ!" ಎಂದು ದೊಡ್ಡಪ್ಪ ಗದರಿದರು. ತಮ್ಮ ನೆಲ ನೋಡಿಕೊಂಡು "ಒತ್ತಿ" ಎಂದ.

ನಿಜವಾದ ಸೀಟು ಹಂಚಿಕೆಗೆ ಮೊದಲು, ಹೀಗಾಗಬಹುದು ಎಂದು ತೋರಿಸಲು ಒಂದು ಅಣಕು ಪಟ್ಟಿ ಬಿಡುತ್ತಾರೆ. ಅದು ಬಂದ ದಿನ ಮತ್ತೆ ಮೂವರೂ ಅಂಗಡಿಯಲ್ಲಿದ್ದೆವು. ತಮ್ಮನ ಹೆಸರಿನ ಮುಂದೆ ಯಾವ ಕಾಲೇಜೂ ಇರಲಿಲ್ಲ. ದೊಡ್ಡಪ್ಪ, ಹಿಂದೆ ಸಾಲಿನಲ್ಲಿ ನಿಂತ ಏಳೆಂಟು ಜನರ ಎದುರಿಗೇ ಶುರುಮಾಡಿದರು. "ಎಲ್ಡ್ ವರ್ಸ ಮನೇಲಿ ಯಾರೂ ಟಿವಿ ಆಕ್ಲಿಲ್ಲ ಕಣ್ಲಾ ನಿನ್ಗೋಸ್ಕರ. ಇನ್ ಯಾವ್ ಮಕ ಇಟ್ಕಂಡು ಊರೊಳ್ಗೆ ಓಡಾಡ್ಲಿ ನಾನು? ನೀನು ಇದ್ರೂ ಒಂದೇ…" ಆ ಮಾತಿನ ಉಳಿದ ಭಾಗವನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಿ, ಬೈಕು ಹತ್ತಿ ಹೊರಟುಹೋದರು. ಅಷ್ಟರಲ್ಲಿ ತಮ್ಮನೂ ಎದ್ದು ಹೊರಗೆ ಹೋಗಿದ್ದ. ಮುಖ ತೊಳೆಯಲು ಹೋದನೆಂದು ನಾನು ಅಂದುಕೊಂಡೆ.

ಅಕ್ಕ ಅವನು ಕೂತಿದ್ದ ಕುರ್ಚಿಯನ್ನೇ ನೋಡುತ್ತಿದ್ದರು. "ಮಾರ್ಕ್ಸ್ ಕಾರ್ಡಿನ್ ಫೈಲು ಬುಟ್ಟೋಗವ್ನೆ" ಎಂದರು. "ಈಟ್ ವರ್ಸದಲ್ಲಿ ಒಬ್ ಮಗಾನೂ ಅದ್ನ ಬುಟ್ಟು ಎದ್ದೋಗಿಲ್ಲ ಕಣವ್ವ. ಏಳು."

ಸಾಲಿನಲ್ಲಿದ್ದವರಿಗೆ "ಸರ್ವರ್ ಡೌನ್, ಆಮೇಕ್ ಬನ್ನಿ" ಎಂದು ಕೂಗಿ ಸ್ಕೂಟರ್ ತೆಗೆದರು. ಬೇಜಾರಾದರೆ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದರು. ನಮ್ಮೂರಿನ ದಾರಿಯಲ್ಲಿ ನಾಲೆಯ ತೂಬಿನ ಹತ್ತಿರ, ಹೊಂಗೆ ಮರಗಳಿರುವ ಕಡೆ ಎಂದೆ. ಸಣ್ಣವನಿದ್ದಾಗಿಂದ ಅವನು ಬೀಜ ಆಯಲು ಹೋಗುತ್ತಿದ್ದುದು ಅಲ್ಲಿಗೇ. ಆ ವಾರವಷ್ಟೇ ನಾಲೆಗೆ ನೀರು ಬಿಟ್ಟಿದ್ದರು. ನೀರು ಕೆಂಪಗೆ, ಏರಿಯ ಅಂಚಿನವರೆಗೂ ಹರಿಯುತ್ತಿತ್ತು.

ತಮ್ಮ ತೂಬಿನ ಕಟ್ಟೆಯ ತುದಿಯಲ್ಲಿ ನಿಂತಿದ್ದ. ಚಪ್ಪಲಿಗಳನ್ನು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ. ನಾನು ಕೂಗಲು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು "ಕೂಗ್ಬ್ಯಾಡ" ಎಂದರು. ನನ್ನನ್ನು ಅಲ್ಲೇ ನಿಲ್ಲಿಸಿ, ತಾವು ನಿಧಾನವಾಗಿ ನಡೆದು, ಅವನಿಂದ ಎಂಟು ಹೆಜ್ಜೆ ಈಚೆ ಏರಿಯ ಮೇಲೆ ಕೂತರು. ಆ ಎಂಟು ಹೆಜ್ಜೆಯನ್ನು ನಾನು ಈಗಲೂ ಎಣಿಸುತ್ತೇನೆ. ಅಡುಗೆ ಮಾಡುವಾಗ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ? ನಾನು ಕೂಗಿಬಿಟ್ಟಿದ್ದರೆ? ಅವನು ಫೈಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದರೆ?

ಅಕ್ಕ ಅಂಗಡಿಯಲ್ಲಿ ಮಾತನಾಡುವ ದನಿಯಲ್ಲೇ ಕೇಳಿದರು. "ಮಗಾ, ಫೋನ್ ಅದಾ ನಿನ್ ತಾವ?"

ಅವನು ತಿರುಗದೆಯೇ "ಅದೆ" ಎಂದ.

"ಚಾರ್ಜ್ ಎಷ್ಟದೆ ನೋಡು."

ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಫೋನು ತೆಗೆದು ನೋಡಿದ. "ಹದ್ನೇಳು."

"ಸಾಕು ಬುಡು. ಇದು ಬರೀ ಅಣಕು ಲಿಸ್ಟು ಕಣಪ್ಪ. ನಾಳೆ ಸಂದೆಗಂಟ ತಿದ್ಬೋದು. ತಿದ್ದಕ್ಕೆ ಓಟಿಪಿ ಬರದು ನಿನ್ ಫೋನ್ಗೇ. ನೀನಿಲ್ದೆ ನಾನು ಒತ್ತಕಾಗಲ್ಲ." ಆಮೇಲೆ ಆ ಕಪ್ಪು ಬೆರಳನ್ನು ಅಲ್ಲೇ ಗಾಳಿಯಲ್ಲಿ ಎತ್ತಿ ಹಿಡಿದರು. "ಆ ಕಾಡಿನ್ ಕೋರ್ಸು ಆಕ್ಬೇಕು ಅಂತ ನಂಗಾಸೆ. ನಿಂಗೆ? ಒತ್ಲಾ?"

ತಮ್ಮ ಈಚೆಗೆ ತಿರುಗಿದ. ಕಟ್ಟೆಯಿಂದ ಇಳಿದು ಬಂದು ಅವರ ಪಕ್ಕದಲ್ಲಿ ಕುಸಿದು ಕೂತು, ಸಣ್ಣ ಮಗುವಿನ ಹಾಗೆ ಅತ್ತ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನೀರು ನೋಡುತ್ತಿದ್ದರು.

ಅಂಗಡಿಗೆ ವಾಪಸು ಬಂದು, ಷಟರ್ ಅರ್ಧ ಎಳೆದು, ಅವರಿಬ್ಬರೂ ಕೂತು ಪಟ್ಟಿ ತುಂಬಿದರು. ದೊಡ್ಡಪ್ಪನ ಐದು ಮೇಲೆ ಹಾಗೇ ಇದ್ದವು. ಅವುಗಳ ಕೆಳಗೆ ತಮ್ಮನೇ ಹೇಳಿ ಬರೆಸಿದ ಆರು, ಅದರಲ್ಲಿ ಮೊದಲನೆಯದು ಕೊಡಗಿನ ಕಡೆಯದು. ಈ ಸಲ "ಒತ್ತಿ ಅಕ್ಕ" ಎಂದಾಗ ಅವನು ನೆಲ ನೋಡುತ್ತಿರಲಿಲ್ಲ.

ಹೊರಡುವಾಗ ಅಕ್ಕ ನನ್ನನ್ನು ಈಚೆ ಕರೆದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. "ನಂಗೂ ಒಂದೇ ಬರ್ಸಿದ್ರು ಕಣವ್ವ, ಟೀಚರ್ ಟ್ರೇನಿಂಗು. ಸಿಗ್ನಿಲ್ಲ. ಸಿಗ್ನಿಲ್ಲ ಅಂತ ಮದ್ವೆ ಮಾಡುದ್ರು. ನಮ್ಮಪ್ಪಂಗೆ ಗೊತ್ತಿರ್ನಿಲ್ಲ. ನಿಂಗೆ ಗೊತ್ತಿತ್ತು."

ತಮ್ಮನಿಗೆ ಅರಣ್ಯಶಾಸ್ತ್ರದ ಸೀಟು ಸಿಕ್ಕಿತು. ದೊಡ್ಡಪ್ಪ ಅಂಗಡಿಗೆ ಹೋಗಿ, ಕೇಳದೆ ಪಟ್ಟಿ ತಿದ್ದಿ ಹುಡುಗನ ಬಾಳು ಹಾಳು ಮಾಡಿದಳು ಎಂದು ಸರ್ಕಲ್ಲಿನಲ್ಲಿ ನಿಂತು ಕೂಗಾಡಿದರು. ಆ ಅಂಗಡಿಗೆ ಮಕ್ಕಳನ್ನು ಕಳಿಸಬೇಡಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಮುಂದಿನ ವರ್ಷ ಸಾಲು ಚಿಕ್ಕದಾಯಿತು. ನಾಲೆಯ ವಿಷಯ ಒಂದು ಮಾತು ಹೇಳಿದ್ದರೆ ದೊಡ್ಡಪ್ಪನ ಬಾಯಿ ಮುಚ್ಚುತ್ತಿತ್ತು. ಅಕ್ಕ ಹೇಳಲಿಲ್ಲ. ಊರವರ ಬಾಯಿಗೆ ನನ್ನ ತಮ್ಮ ಬೀಳಬಾರದೆಂದು ಬೈಗುಳವನ್ನೆಲ್ಲ ತಾವೇ ತಿಂದರು. ನಾನೂ ಹೇಳಲಿಲ್ಲ. ನಾನು ಹೇಳದೆ ಇದ್ದುದಕ್ಕೆ ಅಂಥ ಒಳ್ಳೆಯ ಕಾರಣವೇನೂ ಇರಲಿಲ್ಲ. ನನಗೆ ದೊಡ್ಡಪ್ಪನ ಹೆದರಿಕೆ, ಅಷ್ಟೇ. ಈಗ ಬರೆಯುತ್ತಿರುವುದು ತಮ್ಮನನ್ನು ಕೇಳಿಕೊಂಡು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಜ್ವರ ಇಟ್ಟುಕೊಂಡೇ ಆಪ್ಷನ್ ಎಂಟ್ರಿಯ ಕೊನೆಯ ದಿನದವರೆಗೂ ಕೂತಿದ್ದರಂತೆ. ಸಾಲಿನಲ್ಲಿ ನಿಂತ ಅಷ್ಟು ಜನರಲ್ಲಿ ಒಬ್ಬರಾದರೂ 'ಬಾಗಿಲು ಹಾಕಿ ಆಸ್ಪತ್ರೆಗೆ ನಡೀರಿ' ಎನ್ನಲಿಲ್ಲವೇ ಎಂದು ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೈಸೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು.

ತಿಥಿಗೆ ನಾನು ಹುಣಸೂರಿನಿಂದ ಹೋದೆ. ಅಲ್ಲಿ ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ತಮ್ಮ ಕೊಡಗಿನಿಂದ ಬಂದಿದ್ದ. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಅಕ್ಕನ ಹಿಂದೆ ಅದೇ ನೀಲಿ ಬಟ್ಟೆ. ಊಟದ ಸಾಲಿನಲ್ಲಿ ನಮ್ಮ ಎದುರಿಗೆ ದೊಡ್ಡಪ್ಪ ಕೂತಿದ್ದರು. ಪಾಯಸ ಬಡಿಸಿಕೊಳ್ಳುತ್ತ ಪಕ್ಕದವರಿಗೆ ಹೇಳುತ್ತಿದ್ದರು: "ಪಾಪ, ಒಳ್ಳೇವ್ಳು. ನಮ್ಮುಡುಗನ್ ಅರ್ಜಿ ತುಂಬಿದ್ದೂ ಇವ್ಳೇ. ಕೆಳ್ಗೆ ಅದೊಂದು ಕಾಡಿನ್ ಕೋರ್ಸು ಇರ್ಲಿ ಅಂತ ನಾನೇ ಏಳಿ ಆಕ್ಸ್ದೆ. ನೋಡಿ, ಅದೇ ಕೈ ಇಡೀತು."

ನನ್ನ ಕೈಯ ತುತ್ತು ಎಲೆಗೆ ಬಿತ್ತು. ನೋಡಲು ಅಲ್ಲಿ ಯಾವ ಫ್ಯಾನೂ ಇರಲಿಲ್ಲ.

"ಸುಳ್ಳು ಹೇಳ್ಬೇಡಿ ದೊಡ್ಡಪ್ಪ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ನೀವು ಬೇಡ ಅಂದ್ರಿ. ಗೊತ್ತಿದ್ದೂ ನಾನು ಸುಮ್ನಿದ್ದೆ. ಹಾಕಿದ್ದು ಅಕ್ಕ."

"ಏನವ್ವ ಇದು, ಊಟಕ್ ಕುಂತಿರೊ ಜಾಗ್ದಲ್ಲಿ…" ಎಂದು ಅವರು ನಗಲು ನೋಡಿದರು.

ಆಗ ತಮ್ಮ ತಲೆಯೆತ್ತಿದ. ದೊಡ್ಡಪ್ಪನ ಮುಖ ನೋಡಿ ಅವನು ಮಾತನಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಲಿಸ್ಟ್ ಬಂದ್ ದಿನ ನೀವು ಬೈದು ಮನೆಗೋದ್ರಲ್ಲ ದೊಡ್ಡಪ್ಪ, ಆಗ ನಾನು ನಾಲೆ ತಾವ ಇದ್ದೆ. ಅಲ್ಲಿಂದ ನನ್ನ ಕರ್ಕಂಬಂದೋರು ಅಕ್ಕ."

ಬಡಿಸುತ್ತಿದ್ದವರು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತರು. ದೊಡ್ಡಪ್ಪನ ಕೈ ಎಲೆಯ ಮೇಲೆ ಹಾಗೇ ಇತ್ತು. ತಮ್ಮ ಮತ್ತೆ ತಲೆ ತಗ್ಗಿಸಿ, ಎಲೆಯಲ್ಲಿದ್ದುದನ್ನು ಒಂದಗುಳೂ ಬಿಡದಂತೆ ಉಂಡ. ಆಮೇಲೆ ಕೈತೊಳೆದು ಬಂದು, ಫೋಟೋದ ಕೆಳಗೆ ತಾನು ತಂದಿಟ್ಟಿದ್ದ ಚೀಲದಿಂದ ಒಂದು ಹಾಲಿನ ಕವರನ್ನು ಹೊರತೆಗೆದ. ಅದರಲ್ಲಿ ಒಂದು ಗೇಣುದ್ದದ ನೇರಳೆ ಸಸಿಯಿತ್ತು. "ಎಲ್ಲಿ ನೆಡ್ಲಿ?" ಎಂದು ಅಕ್ಕನ ಯಜಮಾನರನ್ನು ಕೇಳಿದ.