ಮೂರು ಸಲ ಬಡಿದ ಸುತ್ತಿಗೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಗಾದೆ ಖಾಂಗನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಹಾಯ್ ಫೋಂಗ್ ಊರಿನ ನದಿ ದಂಡೆಯ ಹಡಗು ಕಟ್ಟುವ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಹಡಗಿನ ತಗಡು ಬೆಸೆದ ಮನುಷ್ಯ ಅವನು. ತನ್ನ ಕೆಲಸವನ್ನು ತಾನು ಹೊಗಳಿಕೊಂಡವನಲ್ಲ, ಇನ್ನೊಬ್ಬರದನ್ನೂ ಹೊಗಳಿದವನಲ್ಲ. ಯಾರಾದರೂ ತಮ್ಮ ಬೆಸುಗೆ ತೋರಿಸಿ ಹೇಗಿದೆ ಎಂದು ಕೇಳಿದರೆ ಅವನ ಉತ್ತರ ಒಂದೇ: "ಫಿಲ್ಮು ಹೇಳುತ್ತೆ ಬಿಡು."

ಮುರಿದ ಮೂಳೆಗೆ ತೆಗೆಯುವ ಹಾಗೆ ಬೆಸುಗೆಗೂ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಗಾಳಿಗುಳ್ಳೆಯೋ ಕಿಟ್ಟವೋ ಸಿಕ್ಕಿಕೊಂಡಿದ್ದರೆ ಫಿಲ್ಮಿನ ಮೇಲೆ ಕಪ್ಪಗೆ ಕಾಣುತ್ತದೆ. ಬೆಸುಗೆಯ ಕೊನೆಯಲ್ಲಿ ವೆಲ್ಡರ್ ತನ್ನ ನಂಬರನ್ನು ಉಕ್ಕಿಗೆ ಅಚ್ಚು ಹೊಡೆದಿರುತ್ತಾನೆ. ಖಾಂಗನದು ಹನ್ನೆರಡು. ತಪ್ಪು ಯಾರದು ಎಂದು ಯಾರೂ ಕೇಳಬೇಕಾಗಿಲ್ಲ.

ಆ ಯಾರ್ಡು ಕೆಟ್ಟ ಕಾಲವನ್ನೂ ಕಂಡಿತ್ತು. ಕೆಲವು ವರ್ಷ ಒಂದು ಹಡಗಿಗೂ ಬೇಡಿಕೆ ಇರಲಿಲ್ಲ. ಹಡಗು ಜಾರಿಸುವ ಇಳಿಜಾರಿನಲ್ಲಿ ಹುಲ್ಲು ಬೆಳೆದು ಆಡುಗಳು ಮೇಯುತ್ತಿದ್ದವು. ಆಗ ಖಾಂಗ್ ಮೀನುಗಾರರ ದೋಣಿಗಳಿಗೆ ತೇಪೆ ಹಾಕಿ ಬದುಕಿದ. ದೂರದ ದ್ವೀಪಗಳ ಕಡೆಯಿಂದ ಪಕ್ಕೆ ನಜ್ಜುಗುಜ್ಜಾದ ದೋಣಿಗಳು ಬರುತ್ತಿದ್ದವು. "ಯಾರದ್ದೋ ದೊಡ್ಡ ಹಡಗು ಬಂದು ಗುದ್ದಿ ಹೋಯ್ತಣ್ಣ. ನಮ್ಮೋರ ಹಡಗು ಒಂದೂ ಕಣ್ಣಿಗೆ ಬೀಳ್ಲಿಲ್ಲ," ಎಂದು ಮೀನುಗಾರರು ಹೇಳುವಾಗ ಅವನು ತಲೆ ಎತ್ತುತ್ತಿರಲಿಲ್ಲ. ಏನು ಹೇಳಿಯಾನು? ಇದ್ದ ಕಾವಲು ಹಡಗುಗಳಲ್ಲಿ ಎಷ್ಟೋ ಬೇರೆ ದೇಶದವರು ಬಳಸಿ ಬಿಟ್ಟವು, ಮೇಲೆ ನಮ್ಮ ಬಣ್ಣ. ಆಮೇಲೆ ಕಾಲ ತಿರುಗಿತು. ಕರಾವಳಿ ಕಾವಲು ಪಡೆಗೆ ಹಡಗುಗಳನ್ನು ಇಲ್ಲಿಯೇ ಕಟ್ಟಬೇಕೆಂದು ಅಪ್ಪಣೆ ಬಂತು. ಆಡುಗಳನ್ನು ಓಡಿಸಿದರು. ಹಳೆಯ ಕೈಗಳನ್ನು ಮತ್ತೆ ಕರೆದರು.

ಮಗಳು ಮಿಯೆನ್ ಯಾರ್ಡಿಗೆ ಸೇರಿದ್ದು ಆಗಲೇ. ಅವಳನ್ನು ಶೂ ಕಾರ್ಖಾನೆಗೆ ಕಳಿಸಬೇಕೆಂದು ತಾಯಿ ಲುವಾಳ ಹಟ.

"ಹೆಣ್ಣುಡುಗಿ ಕಣೇ ನೀನು. ಮುಖ ಸುಟ್ಕೊಂಡ್ರೆ ಯಾವನು ಮದುವೆ ಆಗ್ತಾನೆ?"

"ಮುಖಕ್ಕೆ ಮುಖವಾಡ ಇದೆಯಮ್ಮ. ನಿನ್ನ ನಾಲಿಗೆಗೇ ಏನೂ ಇಲ್ಲ."

ಖಾಂಗ್ ಅವಳಿಗೆ ಗುಜರಿ ತಗಡಿನ ಮೇಲೆ ಕಲಿಸಿದ. ಅವಳು ಬೆಸೆದು ತಂದದ್ದನ್ನು ಇಕ್ಕಳಕ್ಕೆ ಸಿಕ್ಕಿಸಿ ಮುರಿಯುವುದು, ಒಳಗೆ ನೋಡುವುದು, ಗುಜರಿಗೆ ಎಸೆಯುವುದು. ನಲವತ್ತು ತುಂಡು ಹೀಗೇ ಹೋದವು. ನಲವತ್ತೊಂದನೆಯದನ್ನು ಎಸೆಯದೆ ಪಕ್ಕಕ್ಕಿಟ್ಟ. ಅವನ ಪಾಲಿಗೆ ಅದೇ ಶಹಬಾಸ್‌ಗಿರಿ. ಮಗಳಿಗೆ ಅದು ತಿಳಿಯಿತೋ ಇಲ್ಲವೋ ಅವನು ಕೇಳಲಿಲ್ಲ. ಈಗ ಕೇಳುವಂತಿಲ್ಲ.

ಅವಳಿಗೆ ನಲವತ್ತೇಳನೇ ನಂಬರು ಸಿಕ್ಕಿತು. ತೆಳ್ಳಗಿದ್ದ ಹುಡುಗಿ, ಹಡಗಿನ ತಳದ ಟ್ಯಾಂಕುಗಳಿಗೆ ಅವಳೇ ಸರಿ ಎಂದು ಒಳಗೆ ಇಳಿಸುತ್ತಿದ್ದರು. ಅಲ್ಲಿ ಕೂಗಿದರೆ ಕೇಳಿಸದು. ಮಧ್ಯಾಹ್ನ ಊಟಕ್ಕೆ ಕರೆಯಲು ಖಾಂಗ್ ಹೊರಗಿನಿಂದ ತಗಡಿಗೆ ಸುತ್ತಿಗೆಯಲ್ಲಿ ಮೂರು ಸಲ ಬಡಿಯುತ್ತಿದ್ದ. ಒಳಗಿನಿಂದ ಅವಳು ಒಂದು ಸಲ ಬಡಿದರೆ, ಬಂದೆ ಎಂದು ಅರ್ಥ. ಉಳಿದವರು ನಗುತ್ತಿದ್ದರು. "ಬಾಯಿ ಬಿಟ್ಟು ಮಗಳನ್ನ ಹೆಸರು ಹಿಡಿದು ಕರೆದರೆ ಮುತ್ತು ಉದುರುತ್ತಾ ಅಣ್ಣ?" ಎಂದು ಛೇಡಿಸುತ್ತಿದ್ದರು.

ಆ ದಿನ ಲುವಾ ಮೀನಿನ ಸಾರು ಮಾಡಿ ಕಳಿಸಿದ್ದಳು. ಮಗಳಿಗೆ ಬಿಸಿಬಿಸಿಯಾಗಿ ಉಣ್ಣಿಸಿ ಎಂದು ಎರಡೆರಡು ಸಲ ಹೇಳಿದ್ದಳು. ಖಾಂಗ್ ಮೂರು ಸಲ ಬಡಿದ. ಉತ್ತರವಿಲ್ಲ. ಮತ್ತೆ ಬಡಿದ. ಹಸಿವೆ ಅವನದೇ, ನಿಜ ಹೇಳಬೇಕೆಂದರೆ. ಹಡಗಿನ ಒಡಲಿಗೆ ಬಿಗಿದ ಉಕ್ಕಿನ ಪಕ್ಕೆಲುಬುಗಳಲ್ಲಿ ಆರನೆಯದರ ಗುರುತಿನ ಹತ್ತಿರ ನಿಂತು ಇನ್ನೂ ಜೋರಾಗಿ ಬಡಿದ. ಮಿಯೆನ್ ಬೆವರಿನಲ್ಲಿ ತೊಯ್ದು ಹೊರಗೆ ಬಂದಳು. ಕೈಯಲ್ಲಿ ಅರ್ಧ ಉರಿದ ವೆಲ್ಡಿಂಗ್ ರಾಡು.

"ಒಂದು ರಾಡು ಮುಗಿಸ್ಕೊಂಡು ಬರೋಣ ಅಂದ್ರೆ, ಮನೆಗೆ ಬೆಂಕಿ ಬಿದ್ದೋರ ಥರ ಬಡೀತೀಯಲ್ಲಪ್ಪ!"

"ಅನ್ನ ಆರುತ್ತೆ. ಬೇಗ ತಿನ್ನು, ಸಂಜೆಯೊಳಗೆ ಆ ಬೆಸುಗೆ ಮುಗೀಬೇಕು."

ಬೇಗ ತಿಂದಳು. ಮುಗಿಸಿದಳು. ನಂಬರು ಹೊಡೆದು ಬಂದು, ಕೈಗವಸು ಬಿಚ್ಚುತ್ತಾ ಕೇಳಿದಳು: "ಅಪ್ಪ, ಒಂದ್ಸಲ ಒಳಗೆ ಬಂದು ನೋಡು. ಇಷ್ಟು ನೆಟ್ಟಗೆ ನಾನು ಯಾವತ್ತೂ ಬೆಸೆದಿಲ್ಲ."

"ಫಿಲ್ಮು ಹೇಳುತ್ತೆ ಬಿಡು," ಅಂದ ಖಾಂಗ್.

ಆ ಸಂಜೆಯೇ ಮನೆಗೆ ಹೋಗುವಾಗ ಸೇತುವೆಯ ಇಳಿಜಾರಿನಲ್ಲಿ ಕಂಟೇನರ್ ಲಾರಿ ಅವಳ ಸ್ಕೂಟರಿಗೆ ಬಡಿಯಿತು. ಇಪ್ಪತ್ನಾಲ್ಕು ವರ್ಷ. ಅದರ ಬಗ್ಗೆ ಇನ್ನೇನೂ ಬರೆಯಲಾರೆ.

ಆ ಊರಿನಲ್ಲಿ ಸತ್ತವರಿಗೆ ನೂರು ದಿನ ಅನ್ನ ಇಡುತ್ತಾರೆ. ಫೋಟೋ ಮುಂದೆ ಒಂದು ಬಟ್ಟಲು ಅನ್ನ, ಬೇಯಿಸಿದ ಮೊಟ್ಟೆ, ಉಣ್ಣಲು ಎರಡು ಕಡ್ಡಿ, ಊದುಬತ್ತಿ. ಹೆಸರು ಹಿಡಿದು ಊಟಕ್ಕೆ ಕರೆಯಬೇಕು, ಕರೆಯದಿದ್ದರೆ ಅವರು ಬಾಗಿಲಲ್ಲೇ ನಿಂತಿರುತ್ತಾರಂತೆ. ಮಕ್ಕಳಿಗೆ ಹೆತ್ತವರು ಕೈಮುಗಿಯುವ ಹಾಗಿಲ್ಲ, ಕರೆಯಬಹುದು. ಲುವಾ ಮೊದಲ ದಿನ ಬಾಯಿ ತೆರೆದಳು, ಅಳು ಬಂತೇ ಹೊರತು ಹೆಸರು ಬರಲಿಲ್ಲ. ಆವತ್ತಿನಿಂದ ಖಾಂಗನೇ ಕರೆಯತೊಡಗಿದ. "ಮಿಯೆನ್, ಊಟಕ್ಕೆ ಬಾ." ಬದುಕಿದ್ದಾಗ ಸುತ್ತಿಗೆಯಲ್ಲಿ ಕರೆದವನು ಈಗ ಬಾಯಲ್ಲಿ ಕರೆಯುತ್ತಿದ್ದ.

ಎಪ್ಪತ್ತೊಂದನೇ ದಿನ ಅವಳು ಕೊನೆಗೆ ಬೆಸೆದ ಟ್ಯಾಂಕಿನ ಫಿಲ್ಮು ಬಂತು.

ಫಿಲ್ಮು ಓದುವವನು ಲಾಪ್, ಖಾಂಗನ ಜೊತೆಗೇ ಯಾರ್ಡಿಗೆ ಸೇರಿದವನು. ಖಾಂಗನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮುಗಳನ್ನು ಒಂದರ ಪಕ್ಕ ಒಂದು ಹರಡಿದ. ನಾಲ್ಕು ಮೀಟರ್ ಬೆಸುಗೆ, ಬಾಚಿದ ಬೈತಲೆಯ ಹಾಗೆ ನೇರ. ಆರನೇ ಪಕ್ಕೆಲುಬಿನ ಹತ್ತಿರ ಮಾತ್ರ ಒಂದು ಅಕ್ಕಿಕಾಳಿನಷ್ಟು ಕಪ್ಪು.

"ಮಿತಿಯ ಗೆರೆ ಮೇಲೇ ನಿಂತಿದೆ ಕಣೋ," ಅಂದ ಲಾಪ್. "ಆ ಕಡೆ ಅಂದ್ರೆ ಆ ಕಡೆ, ಈ ಕಡೆ ಅಂದ್ರೆ ಈ ಕಡೆ. ನಾನು ಸರಿ ಅಂತ ಬರೀತೀನಿ. ನಿನ್ನ ಮಗಳ ಕೊನೇ ಕೆಲಸ. ಮುಟ್ಟೋದು ಬೇಡ."

ಖಾಂಗ್ ತುಂಬಾ ಹೊತ್ತು ನೋಡಿದ. ಹಾಗೇ ಇರಲಿ ಅನ್ನಿಸಿತು ಅವನಿಗೆ, ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳದು ಎಂದು ಲೋಕದಲ್ಲಿ ಉಳಿದಿದ್ದು ಇದೊಂದೇ ಗೆರೆ.

"ಆ ಟ್ಯಾಂಕಿನ ಮೇಲೆ ಯಾರು ಮಲಗ್ತಾರೆ?"

"ಹುಡುಗರು. ಕಾವಲು ಪಡೆಯ ಹುಡುಗರು, ಇನ್ಯಾರು?"

"ಅಲೆಗೆ ಮಿತಿ ಗೊತ್ತಾ? ತಪ್ಪು ಅಂತಲೇ ಬರಿ. ನಾನೇ ಬಿಚ್ತೀನಿ."

"ಬೇರೆ ಯಾರಾದ್ರೂ ಮಾಡ್ಲಿ ಮಾರಾಯ. ನಿನ್ನದೇನು ಕಲ್ಲಿನ ಎದೆನಾ?"

"ಬೇರೆಯೋರ ಕೈ ಬೀಳೋದು ಬೇಡ," ಅಂದ ಖಾಂಗ್.

ಟ್ಯಾಂಕಿನ ಬಾಯಿ ಅವನಿಗೆ ಬಿಗಿಯಾಯಿತು. ಭುಜ ತರಚಿಕೊಂಡು ಇಳಿದ. ಮೊದಲು ದೀಪ ಹಿಡಿದು ಬೆಸುಗೆಯನ್ನು ತುದಿಯಿಂದ ತುದಿಗೆ ನೋಡಿದ. ಅವಳು ಕರೆದಾಗ ನೋಡಬಹುದಾಗಿದ್ದದ್ದು. ಕೊನೆಯಲ್ಲಿ ನಲವತ್ತೇಳು. ಏಳು ಒಂದಿಷ್ಟು ವಾಲಿತ್ತು.

ಆಮೇಲೆ ಗ್ರೈಂಡರ್ ಹಿಡಿದು ಪದರ ಪದರವಾಗಿ ಬಿಚ್ಚಿದ. ಮೂರನೇ ಪದರದಲ್ಲಿ ಕಿಟ್ಟ ಸಿಕ್ಕಿತು. ರಾಡು ನಿಲ್ಲಿಸಿದ ಕಡೆ ಸಣ್ಣ ಗುಳಿ ಬೀಳುತ್ತದೆ, ಅದನ್ನು ಉಜ್ಜಿ ತೆಗೆದು ಮತ್ತೆ ಶುರುಮಾಡಬೇಕು. ಉಳಿದ ಕಡೆಯೆಲ್ಲ ಅವಳು ಹಾಗೇ ಮಾಡಿದ್ದಳೆಂದು ಫಿಲ್ಮೇ ಹೇಳಿತ್ತು. ಇಲ್ಲಿ ಮಾತ್ರ ಉಜ್ಜಿರಲಿಲ್ಲ. ಅದೂ ರಾಡು ಮುಗಿದು ನಿಂತ ಜಾಗವಲ್ಲ, ನಡುವೆ ತಟ್ಟನೆ ಎಳೆದುಕೊಂಡ ಜಾಗ. ಖಾಂಗ್ ಪಕ್ಕೆಲುಬುಗಳನ್ನು ಎಣಿಸಿದ. ಆರು.

ಗ್ರೈಂಡರ್ ಕೆಳಗಿಟ್ಟ. ಈ ತಗಡಿನ ಆಚೆ ಬದಿಯಲ್ಲೇ ನಿಂತು ಅವನು ಬಡಿದದ್ದು. ಅರ್ಧ ರಾಡು ಹಿಡಿದು ಅವಳು ಎದ್ದು ಬಂದದ್ದು. ಬೇಗ ತಿನ್ನು ಎಂದದ್ದು ಅವನು. ಅವಳ ಪಾಡಿಗೆ ಬಿಟ್ಟಿದ್ದರೆ ನಾಲ್ಕು ಮೀಟರಿನಲ್ಲಿ ಒಂದು ಚುಕ್ಕೆಯೂ ಇರುತ್ತಿರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಖಾಂಗ್ ಮುಖವಾಡ ಹಾಕಿಕೊಂಡು ಅತ್ತ. ಹೊರಗಿದ್ದವರಿಗೆ ಏನೂ ಕೇಳಿಸಲಿಲ್ಲ. ಆ ಟ್ಯಾಂಕುಗಳೇ ಹಾಗೆ. ಅತ್ತು ಮುಗಿದ ಮೇಲೆ ಒಂದು ಗೇಣಿನಷ್ಟನ್ನು ಹೊಸದಾಗಿ ಬೆಸೆದ. ನಿಯಮದ ಪ್ರಕಾರ ನಲವತ್ತೇಳರ ಕೆಳಗೆ ಹನ್ನೆರಡು ಹೊಡೆದ.

ಮರುದಿನ ಮಧ್ಯಾಹ್ನ ಎರಡನೇ ಫಿಲ್ಮು ಸರಿಯಾಗಿ ಬಂತು. ಖಾಂಗ್ ರಜೆ ಕೇಳಿ ಮನೆಗೆ ಬಂದ. ಲುವಾ ಫೋಟೋ ಮುಂದೆ ಬಟ್ಟಲು ಇಟ್ಟು, ಊದುಬತ್ತಿ ಹಚ್ಚಿ ಕಾಯುತ್ತಿದ್ದಳು.

"ಕರೀರಿ. ಅನ್ನ ಆರ್ತಿದೆ."

ಖಾಂಗ್ ಬಾಯಿ ತೆರೆದ. ಕರೆಯದೆ ಬಾಗಿಲ ಕಡೆಗೆ ಸರಿದ.

"ಯಾಕ್ರೀ? ಏನಾಯ್ತು?"

ಅವನು ಹೇಳಿದ. ಬಾಗಿಲಿಗೆ ಒರಗಿ, ನೆಲ ನೋಡುತ್ತಾ, ಸುತ್ತಿಗೆಯ ವಿಷಯ, ಆರನೇ ಪಕ್ಕೆಲುಬಿನ ವಿಷಯ, ಎಲ್ಲ. ಲುವಾ ಅಂಗಿಯ ಅಂಚಿನಲ್ಲೇ ಮುಖ ಒರೆಸಿಕೊಂಡಳು.

"ಬಿಸಿಯಾಗಿ ಉಣ್ಲಿ ಅಂತ ನಾನೇ ಅಲ್ವಾ ಹೇಳಿದ್ದು," ಅಂದಳು.

ಖಾಂಗ್ ಫೋಟೋ ಹತ್ತಿರ ಹೋಗಿ ನಿಂತ.

"ಫಿಲ್ಮು ಬಂತು ಮಗಳೇ. ನೋಡ್ದೆ. ಒಳಗೂ ಇಳಿದು ನೋಡ್ದೆ. ತುಂಬಾ ಚೆನ್ನಾಗಿ ಬೆಸೆದಿದ್ದೀಯ. ನನಗಿಂತ ಚೆನ್ನಾಗಿ." ಬಟ್ಟಲಿನ ಪಕ್ಕದ ಕಡ್ಡಿಗಳನ್ನು ನೆಟ್ಟಗೆ ಜೋಡಿಸಿಟ್ಟ. "ಕೈಲಿರೋ ರಾಡು ಮುಗಿಸ್ಕೊಂಡೇ ಬಾ. ಅವಸರ ಇಲ್ಲ. ಬಡಿಯೋದಿಲ್ಲ ನಾನು."

ಲುವಾ ಅನ್ನದ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದಳು. ಊದುಬತ್ತಿ ಉರಿದು ಮುಗಿಯಿತು, ಇನ್ನೊಂದು ಹಚ್ಚಿದರು. ಇಬ್ಬರೂ ಊಟ ಮಾಡದೆ ಕಾದು ಕೂತರು.