ಕುರ್ಚಿ ಮುಟ್ಟದ ಗದಿಗೆಪ್ಪ

ಗದಿಗೆಪ್ಪ ನನ್ನ ಅಂಗಡಿಯ ಕುರ್ಚಿಯಲ್ಲಿ ಒಮ್ಮೆಯೂ ಕುಳಿತವನಲ್ಲ. ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತಿದ್ದೆ, ಪುಸ್ತಕ ಪ್ರಕಟಿಸಿ ಹುಚ್ಚು ತೀರಿಸಿಕೊಳ್ಳುತ್ತಿದ್ದೆ. ಬರುವ ಲೇಖಕರೆಲ್ಲ ಎರಡು ಚಹಾ ಆಗದೆ ಏಳುತ್ತಿರಲಿಲ್ಲ. ಇವನೊಬ್ಬ ಮಾತ್ರ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. “ಕುಂದರ್ರಿ” ಎಂದರೆ, “ದಿನಾ ಕುಂತ ದುಡಿಯಾಂವ್ರಿ ನಾ. ಇಲ್ಲೂ ಕುಂದರಸಬ್ಯಾಡ್ರಿ” ಎನ್ನುತ್ತಿದ್ದ.

ಮನೋಳಿಯವನು. ಸಂಪಗಾಂವ, ನಮ್ಮೂರು, ಸವದತ್ತಿ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನ ಡ್ರೈವರ್. ಅವನು ಬರೆಯುವ ಕತೆಗಳಲ್ಲಿ ಬರುವವರೆಲ್ಲ ಅವನ ದಾರಿಯ ಜನವೇ. ಆದರೆ ಅವನದೊಂದು ಹಟವಿತ್ತು: ಯಾರ ಬಗ್ಗೆ ಬರೆದನೋ ಅವರಿಗೆ ಓದಿ ಹೇಳದೆ ಅಚ್ಚು ಹಾಕಲು ಬಿಡುತ್ತಿರಲಿಲ್ಲ. “ಯಾರ ಕತಿ ಐತಿ, ಅವರ ಕಿವಿಗೆ ಮೊದಲ ಬೀಳಬೇಕ್ರಿ. ಇಲ್ಲಂದ್ರ ಅದು ಕತಿ ಅಲ್ಲ, ಚಾಡಿ.”

ಸಂಪಗಾಂವದ ಜುಗ್ಗ ಸಾಹುಕಾರರೊಬ್ಬರ ಮೇಲೆ ಬರೆದಾಗ ನನಗೆ ಹೆದರಿಕೆ. ಗದಿಗೆಪ್ಪ ಅವರ ಕಟ್ಟೆಯ ಮುಂದೆಯೇ ನಿಂತು ಓದಿ ಬಂದ. ಅವರು ಸಿಟ್ಟಾಗುವುದಿರಲಿ, ತಿದ್ದಿ ಕಳಿಸಿದ್ದರು: “ಕಮ್ಮಿ ಬರದೀಯೋ. ಚಾಪುಡಿ ನಾ ಎರಡ ಸಲ ಅಲ್ಲ, ಮೂರ ಸಲ ಕುದಸ್ತೇನಿ!” ಅಚ್ಚಿನ ಮೊಳೆ ಜೋಡಿಸಿದ್ದ ಸಾಲನ್ನು ಗೊಣಗುತ್ತ ಬಿಚ್ಚಿ ಮತ್ತೆ ಜೋಡಿಸಿದೆ.

ಅವನ ಕತೆಗಳ ಪುಸ್ತಕ ಅಚ್ಚಾಗದೆ ನಿಂತದ್ದು ಕೊನೆಯ ಕತೆಯಲ್ಲಿ. ಅಕ್ಕ ತಾನೇ ಮೆಚ್ಚಿ ರಾಮದುರ್ಗದ ನೇಕಾರನನ್ನು ಮದುವೆಯಾಗುತ್ತಾಳೆ. ತವರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ತಮ್ಮನೋ, ಆಕೆಯ ಓಣಿಯ ಮುಂದೆಯೇ ದಿನವೂ ಬಸ್ಸು ಓಡಿಸುತ್ತಾನೆ, ನಿಲ್ಲಿಸುವುದಿಲ್ಲ. ಮುಂದೆ? ಕೊನೆಯನ್ನು ಅವನು ತಿದ್ದುತ್ತಲೇ ಇದ್ದ: ಒಮ್ಮೆ ಅಕ್ಕ ಬಸ್ಸಿಗೆ ಅಡ್ಡ ಬಂದಳು. ಒಮ್ಮೆ ಸತ್ತಳು. ಮತ್ತೊಮ್ಮೆ ಬದುಕಿ, ತವರಿಗೆ ಬಂದು ಅತ್ತಳು. ಪ್ರತಿ ಸಲ ನಾನು ಪುಟ ಬಿಚ್ಚಬೇಕು. ಲಗ್ನದ ಹಂಗಾಮು ಬಂತು, ನನ್ನ ಮೊಳೆಗಳೆಲ್ಲ ಅವನ ಪುಟಗಳಲ್ಲೇ ಸಿಕ್ಕಿಕೊಂಡಿದ್ದವು. ತಲೆಕೆಟ್ಟು ಕೇಳಿಯೇಬಿಟ್ಟೆ: “ಗದಿಗೆಪ್ಪ, ಇದನ್ನ ಯಾರಿಗೆ ಓದಿ ಬಂದೀರಿ?”

ಅವನು ಒಳಗಿದ್ದ ಕಾಲನ್ನೂ ಹೊರಗೆ ತೆಗೆದ. “ಆ ಅಕ್ಕ ಅಂದ್ರ ನಮ್ಮ ಶಾಂತಕ್ಕ, ನನ್ನ ಒಡಹುಟ್ಟಿದಾಕಿರಿ. ಆ ಓಣಿ ಬಂತಂದ್ರ ಬ್ರೇಕಿನ ಮ್ಯಾಲೆ ಕಾಲ ಹೋಗೂದುಲ್ಲ.”

“ಹಂಗಾದ್ರ ನಾನೂ ಅಚ್ಚ ಹಾಕೂದುಲ್ಲ. ಚಾಡಿ ಆಕ್ಕೈತಿ” ಎಂದೆ.

ಅವನು ಬರುವುದನ್ನೇ ಬಿಟ್ಟ. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ನಾನು ಬಾಗಿಲಿಗೆ ಬರುತ್ತಿದ್ದೆ. ಕೂತರೆ ಕೂಡಲಾಗದು, ನಿಂತರೆ ನಿಲ್ಲಲಾಗದು. ಪುಸ್ತಕವೂ ಹೋಯಿತು, ಮನುಷ್ಯನೂ ಹೋದ ಎಂದುಕೊಂಡೆ.

ಒಂದು ಸಂಜೆ ಏದುಸಿರು ಬಿಡುತ್ತ ಬಂದ. “ಓದಿದೆ ನೋಡ್ರಿ! ಎಲ್ಲಾ ಕೇಳಿ ಅಕ್ಕ ಒಂದ ಮಾತ ಅಂದ್ಲು: ‘ಉಂಡೀಯೇನೋ?’ ಇಷ್ಟ ಹಾಕ್ರಿ. ಅದರ ಕೆಳಗ ‘ತಮ್ಮ ಉಂಡ’ ಅಂತ ಮುಗಸ್ರಿ.”

ನಾನು ಅವನಿಗೆಂದು ಕುರ್ಚಿ ಎಳೆದೆ. “ಪುಸ್ತಕ ಬರ್ಲಿ, ಕುಂದರತೇನ್ರಿ” ಎಂದು ನಗುತ್ತ ಇಳಿದುಹೋದ.

ಮರುದಿನ ಬೆಳಗ್ಗೆ ಸುದ್ದಿ ಬಂತು. ಡಿಪೋದಲ್ಲಿ, ಬಸ್ಸು ಹತ್ತುವ ಮೊದಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲವಂತೆ. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಆ ಮನುಷ್ಯನಿಗೆ ಯಾವುದಕ್ಕೂ ಪುರುಸೊತ್ತಿರಲಿಲ್ಲ.

ಮೊದಲ ಪ್ರತಿ ಹಿಡಿದು ರಾಮದುರ್ಗಕ್ಕೆ ಹೋದೆ. ಶಾಂತಕ್ಕ ಮಗ್ಗದ ಬಳಿ ಇದ್ದರು. ಅವರಿಗೆ ಓದು ಬರದು. ಕೊನೆಯ ಪುಟ ನಾನೇ ಓದಿದೆ. ‘ತಮ್ಮ ಉಂಡ’ ಎಂಬಲ್ಲಿ ಅವರು ತಲೆ ಅಲ್ಲಾಡಿಸಿದರು.

“ಇದೊಂದ ಸುಳ್ಳ ಬರದಾನ್ರಿ. ನಾ ರೊಟ್ಟಿ ಬಡಿಯಾಕ ಹತ್ತಿದ್ದೆ. ‘ಕತಿ ಮುಗೀತು, ಪ್ರೆಸ್ಸಿನಾವ್ರಿಗೆ ಹೇಳಬೇಕು, ನಾಳೆ ಬಂದ ಉಣತೇನಿ’ ಅಂತ ನಿಂತ ಕಾಲ ಮ್ಯಾಲೆ ಓಡಿದ.”

ಬಸ್ಸಿಗೆ ಹೊತ್ತಾಯಿತೆಂದು ಏನೋ ತೊದಲುತ್ತ ಎದ್ದೆ. ಅಷ್ಟರಲ್ಲಿ ಅವರು ರೊಟ್ಟಿಯ ತಾಟು ಇಟ್ಟಿದ್ದರು.

“ಕುಂದರ್ರಿ” ಎಂದರು.

ಕುಳಿತೆ.