ರಂಗಣ್ಣನ ದಮ್ಮು

ರಂಗಣ್ಣ, ನಿನ್ನ ದಮ್ಮು ಹೋಗಿರಲಿಲ್ಲ. ಹೋಯಿತೆಂದು ನಿನ್ನನ್ನು ನಂಬಿಸಿದವನು ನಾನು — ಡ್ರಮ್ಸಿನ ಹಿಂದೆ ಕೂತು, ಬೇಕೆಂದೇ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ತಿಪಟೂರಿನ ಕಲ್ಯಾಣಮಂಟಪಗಳಲ್ಲಿ ಜಾಝ್ ಊದುವ ಆಸಾಮಿ! ಕೇಳುವವರು ಯಾರು? ಎಲೆ ಹಾಕಿದರೋ ಇಲ್ಲವೋ ಎಂದು ಕತ್ತು ಚಾಚುವ ನೆಂಟರು, ಕೊಬ್ಬರಿ ರೇಟು ಮಾತಾಡುವ ಬೀಗರು. ಆ ಕತ್ತೆಗಳ ಮುಂದೆ ನೀನು ಕಣ್ಣು ಮುಚ್ಚಿ ಸ್ಯಾಕ್ಸೋಫೋನ್ ಊದುತ್ತಿದ್ದೆ. ನಮ್ಮ ನಾಲ್ವರ ತಂಡ ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ವ್ಯಾನಿನಲ್ಲಿ ತಿರುಗಿತು. ಮೈಕು ಹಿಡಿದು ಪರಿಚಯ ಮಾಡುವವನು ನೀನೇ. ಕೀಬೋರ್ಡಿನವನು "ವಿದ್ವಾನ್", ಗಿಟಾರಿನವನು "ಕಲಾವಿದ". ನಾನು? "ಇವ್ನು ನಮ್ ಮಾಲಿಂಗ, ಬಡಿಯೋನು." ಜನ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ, ನಾಚಿಕೆಗೆಟ್ಟವನು.

ದಬ್ಬೇಘಟ್ಟದ ಆರತಕ್ಷತೆ ನೆನಪಿದೆಯಲ್ಲ? ನೀನು ನಿನ್ನ ಪ್ರೀತಿಯ ಆ ಉದ್ದನೆಯ ಟ್ಯೂನು ಎತ್ತಿಕೊಂಡೆ — ಉಸಿರೆಳೆದುಕೊಳ್ಳಲು ಎಡೆ ಕಮ್ಮಿ ಇರುವಂಥದ್ದು. ಆ ಎಡೆ ಎಷ್ಟಿರಬೇಕೆಂಬುದು ಡ್ರಮ್ಸಿನವನ ಕೈಯಲ್ಲಿ. ನೀನು ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಲಯವನ್ನು ಅಷ್ಟು ನಂಬಿದ್ದೆ. ನಾನು ಸುತ್ತು ಸುತ್ತಿಗೂ ಕೂದಲೆಳೆಯಷ್ಟು ವೇಗ ಹೆಚ್ಚಿಸುತ್ತಾ ಹೋದೆ. ಯಾರಿಗೂ ತಿಳಿಯಲಿಲ್ಲ. ನಿನ್ನ ಕತ್ತಿನ ನರ ಉಬ್ಬಿತು, ಸ್ವರ ಒಡೆಯಿತು, ಕೆಮ್ಮು ಬಂತು. ಜನ ಗೊಳ್ಳೆಂದು ನಕ್ಕರು. ನನಗೆ — ಸುಳ್ಳು ಯಾಕೆ — ಹಾಲು ಕುಡಿದಷ್ಟು ಸಂತೋಷವಾಯಿತು.

ವ್ಯಾನಿನಲ್ಲಿ ನೀನು ವಾದ್ಯವನ್ನು ನನ್ನ ತೊಡೆಯ ಮೇಲಿಟ್ಟೆ. "ದಮ್ಮು ಹೋಯ್ತು ಕಣ್ಲಾ ಮಾಲಿಂಗ. ವಯಸ್ಸಾಯ್ತು, ಬುಡು. ಇದು ನಿನ್ ತಾವೇ ಇರ್ಲಿ. ಒಂದ್ ದಿನಾನೂ ನನ್ ಕೈ ಬಿಟ್ಟೋನಲ್ಲ ನೀನು."

ಆಗಲೇ ಹೇಳಬೇಕಿತ್ತು. ವಾದ್ಯವನ್ನು ಮನೆಗೆ ಒಯ್ದೆ.

ಅವತ್ತಿನಿಂದ ನೀನು ಊದಿಲ್ಲ. ಹಾಲ್ಕುರಿಕೆಯ ತೋಟದಲ್ಲಿ ಕಾಯಿ ಸುಲಿಯುತ್ತೀಯಂತೆ. ಎಲ್ಲಾದರೂ ವಾಲಗ ಕೇಳಿಸಿದರೆ ಎದ್ದು ಒಳಗೆ ಹೋಗುತ್ತೀಯಂತೆ. ದಿನವಿಡೀ ಕಾಯಿ ಸುಲಿಯುವಷ್ಟು ದಮ್ಮಿದೆ, ಊದಲು ಮಾತ್ರ ಇಲ್ಲವೆಂದು ನಂಬಿಕೊಂಡು ಕೂತಿದ್ದೀಯಲ್ಲ, ದಡ್ಡ! ನನ್ನಂಥವನನ್ನು ನಂಬಿದ ದಡ್ಡ. ಈಗ ತಂಡದ ಮೈಕು ನನ್ನ ಕೈಯಲ್ಲಿದೆ, ರಂಗಣ್ಣ. ನನ್ನನ್ನು ನಾನೇ "ಕಲಾವಿದ" ಎಂದು ಕರೆದುಕೊಳ್ಳುತ್ತೇನೆ. ಥೂ!

ಹಾಲ್ಕುರಿಕೆಯ ಬಸ್ಸಿನಲ್ಲಿದ್ದೇನೆ. ನಿನ್ನ ವಾದ್ಯ ತೊಡೆಯ ಮೇಲಿದೆ. ಅದನ್ನು ನಿನ್ನ ಮುಂದಿಟ್ಟು ಇಷ್ಟನ್ನೂ ಹೇಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಊದಿದರೆ — ನಿನ್ನ ಉಸಿರಿಗೆ ನೀನೇ ಕಾಲು ತಟ್ಟಿಕೋ, ರಂಗಣ್ಣ. ತಾಳ ಮಾತ್ರ ನನ್ನನ್ನು ಕೇಳಬೇಡ.